ಪಲಾವ್‌ಗೆ ಬಂದ ನೆಂಟರು, ಬಾರದೆ ಹೋದ ನೆಂಟರು

2017ರ ನವೆಂಬರಿನಲ್ಲಿ ಚೀನಾದ ಟ್ರಾವೆಲ್ ಏಜೆನ್ಸಿಗಳಿಗೆ ಒಂದು ತಾಕೀತು ಹೋಯಿತು. ವ್ಯಾಟಿಕನ್‌ಗೂ ಪಲಾವ್‌ಗೂ ಇನ್ನು ಮುಂದೆ ಗುಂಪು ಪ್ರವಾಸ ಮಾರುವಂತಿಲ್ಲ, ಮೀರಿದವರಿಗೆ ದಂಡ. ಎರಡೂ ಕಡೆಯವರ ಮೇಲಿದ್ದ ತಕರಾರು ಒಂದೇ: ಬೀಜಿಂಗ್ ಜೊತೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಳ್ಳದೆ ತೈವಾನಿಗೆ ಮಾನ್ಯತೆ ಕೊಟ್ಟಿದ್ದಾರೆ ಎನ್ನುವುದು. ಚೀನಾದ ಪ್ರವಾಸಿ ಬರದಿದ್ದರೆ ವ್ಯಾಟಿಕನ್ನಿನ ಒಲೆ ಆರುವುದಿಲ್ಲ. ಪಲಾವ್‌ನದು ಹಾಗಲ್ಲ. ಆ ವರ್ಷ ಅಲ್ಲಿಗೆ ಬಂದಿಳಿದ 1,22,000 ಪ್ರವಾಸಿಗಳಲ್ಲಿ 55,000 ಮಂದಿ ಚೀನಾದವರು. ದೇಶದ ಒಟ್ಟು ಜನಸಂಖ್ಯೆಯೋ ಹದಿನೆಂಟು ಸಾವಿರವನ್ನೂ ಮುಟ್ಟುವುದಿಲ್ಲ.

ಫಿಲಿಪ್ಪೀನ್ಸಿನ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಪಶ್ಚಿಮದ ಅಂಚಿನಲ್ಲಿ ಮುನ್ನೂರಕ್ಕೂ ಹೆಚ್ಚು ದ್ವೀಪಗಳು ಚದುರಿ ಬಿದ್ದಿವೆ. ಅವುಗಳಲ್ಲಿ ಜನವಸತಿ ಇರುವುದು ಬೆರಳೆಣಿಕೆಯಷ್ಟರಲ್ಲಿ. ಒಟ್ಟು ನೆಲ ಸುಮಾರು 460 ಚದರ ಕಿಲೋಮೀಟರ್. ಆದರೆ ಈ ದೇಶದ ಹಕ್ಕಿಗೆ ಸೇರಿದ ಕಡಲಿನ ವಿಸ್ತಾರ ಆರು ಲಕ್ಷ ಚದರ ಕಿಲೋಮೀಟರಿನಷ್ಟು. ಅಲ್ಲಿನ ಬದುಕು ಇರುವುದೇ ನೀರಿನಲ್ಲಿ. ಕೊರೋರ್ ಪಟ್ಟಣದಿಂದ ದೋಣಿ ಹತ್ತಿ ದಕ್ಷಿಣಕ್ಕೆ ಹೊರಟರೆ, ಬುಡವನ್ನು ಅಲೆ ಕೊರೆದು ಸಣ್ಣಗೆ ಮಾಡಿದ, ಮೇಲೆ ದಟ್ಟ ಕಾಡು ಹೊತ್ತ ಸುಣ್ಣಕಲ್ಲಿನ ದ್ವೀಪಗಳು ಒಂದರ ಹಿಂದೊಂದು ಎದುರಾಗುತ್ತವೆ. ರಾಕ್ ಐಲ್ಯಾಂಡ್ಸ್ ಎಂದು ಕರೆಯುವ ಈ ಭಾಗವನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿರ್ಬಂಧದ ಸುದ್ದಿ ಬಂದಾಗ ಜಗತ್ತಿನ ಪತ್ರಿಕೆಗಳು ಇದನ್ನು ದೊಡ್ಡಣ್ಣನೊಬ್ಬ ಪುಟ್ಟವನ ಕಿವಿ ಹಿಂಡಿದ ಕಥೆಯಾಗಿ ಬರೆದವು. ಅದು ಸುಳ್ಳಲ್ಲ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ. ಕಿವಿ ಹಿಂಡುವುದಕ್ಕೆ ಎರಡೂವರೆ ವರ್ಷ ಮೊದಲೇ ಆ ಪುಟ್ಟ ದೇಶ ಬಾಗಿಲನ್ನು ಅರ್ಧ ಮುಚ್ಚಲು ತಾನೇ ಹೊರಟಿತ್ತು. ನನಗೆ ಮುಖ್ಯವಾಗಿ ಕಾಣುವುದು ಆ ಸಂಗತಿ.

ಮನೆಯವರಿಗಿಂತ ನೆಂಟರೇ ಹೆಚ್ಚಾದದ್ದು ಪಲಾವ್‌ನಲ್ಲಿ ಅದೇ ಮೊದಲೂ ಅಲ್ಲ. 1899ರಲ್ಲಿ ಸ್ಪೇನ್ ಈ ದ್ವೀಪಗಳನ್ನು ಜರ್ಮನಿಗೆ ಮಾರಿತು. 1914ರಲ್ಲಿ, ಮೊದಲ ಮಹಾಯುದ್ಧ ಶುರುವಾಗುತ್ತಿದ್ದಂತೆ, ಜಪಾನಿನ ನೌಕಾಪಡೆ ಬಂದು ಜರ್ಮನರನ್ನು ಎಬ್ಬಿಸಿತು. 1922ರಿಂದ ಕೊರೋರ್ ಜಪಾನಿನ ದಕ್ಷಿಣ ಸಮುದ್ರದ ಆಡಳಿತಕ್ಕೇ ರಾಜಧಾನಿಯಾಯಿತು. ಅಂಗಡಿ ಸಾಲು, ಶಾಲೆ, ಆಸ್ಪತ್ರೆ, ದೇವಾಲಯ, ಮೀನು ಸಂಸ್ಕರಿಸುವ ಕಾರ್ಖಾನೆ ಎಲ್ಲ ಬಂದವು. ಎರಡನೇ ಮಹಾಯುದ್ಧದ ಹೊತ್ತಿಗೆ ಪಲಾವ್‌ನಲ್ಲಿ ಪಲಾವಿನವರಿಗಿಂತ ಜಪಾನೀಯರೇ ಹಲವು ಪಟ್ಟು ಹೆಚ್ಚಿದ್ದರು. ತಮ್ಮ ಪಟ್ಟಣದಲ್ಲೇ ತಾವು ಅಲ್ಪಸಂಖ್ಯಾತರಾಗುವುದು ಎಂದರೇನು ಎಂಬುದನ್ನು ಅಲ್ಲಿನ ಅಜ್ಜಿ ತಾತಂದಿರು ಅನುಭವಿಸಿದ್ದರು. 1944ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನೆ ಪೆಲೆಲಿಯು ದ್ವೀಪಕ್ಕೆ ಇಳಿಯಿತು. ನಾಲ್ಕು ದಿನದಲ್ಲಿ ಮುಗಿದೀತು ಎಂದುಕೊಂಡ ಕದನ ಎರಡು ತಿಂಗಳಿಗೂ ಮೇಲೆ ನಡೆಯಿತು. ಯುದ್ಧ ಮುಗಿದ ಮೇಲೆ ಜಪಾನೀಯರು ಹಡಗು ಹತ್ತಿ ಹೊರಟುಹೋದರು, ಆಡಳಿತ ಅಮೆರಿಕದ ಕೈ ಸೇರಿತು.

ಆಮೇಲಿನ ಐವತ್ತು ವರ್ಷ ಪಲಾವ್ ತನ್ನ ಹಟವನ್ನು ತೋರಿಸಿತು. ಪರಮಾಣು ಅಸ್ತ್ರಗಳಿಗೆ ತಮ್ಮ ನೆಲದಲ್ಲಿ ಜಾಗವಿಲ್ಲ ಎಂದು ಸಂವಿಧಾನದಲ್ಲೇ ಬರೆದುಕೊಂಡ ಮೊದಲ ದೇಶ ಇದು. ಅಮೆರಿಕದೊಂದಿಗಿನ ಒಪ್ಪಂದಕ್ಕೆ ಆ ಕಲಮು ಅಡ್ಡ ಬಂತು. ಜನಮತಗಣನೆಯ ಮೇಲೆ ಜನಮತಗಣನೆ ಸೋತವು. ಕೊನೆಗೆ 1993ರಲ್ಲಿ ಒಪ್ಪಿಗೆ ಸಿಕ್ಕಿ, 1994ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾಯಿತು. ರಕ್ಷಣೆಯ ಹೊಣೆ ಅಮೆರಿಕದ್ದು, ಚಲಾವಣೆಯಲ್ಲಿರುವುದೂ ಅಮೆರಿಕದ ಡಾಲರೇ. 1999ರ ಕೊನೆಯಲ್ಲಿ ಅಧ್ಯಕ್ಷ ಕುನಿವೊ ನಕಮುರಾ ಅವರ ಕಾಲದಲ್ಲಿ ತೈವಾನ್ ಜೊತೆ ರಾಜತಾಂತ್ರಿಕ ಸಂಬಂಧ ಕುದುರಿತು. ತೈವಾನ್ ಸಾಲ ಕೊಟ್ಟಿತು, ನೆರವು ಕೊಟ್ಟಿತು, ತೈಪೆಯಿಂದ ವಿಮಾನವೂ ಬಂತು. ಹದಿನೆಂಟು ವರ್ಷಗಳ ನಂತರ ಇದಕ್ಕೊಂದು ಬೆಲೆ ತೆರಬೇಕಾದೀತು ಎಂದು ಆಗ ಯಾರೂ ಎಣಿಸಿರಲಿಲ್ಲ.

ಆ ದಿನಗಳಲ್ಲಿ ಪಲಾವ್‌ಗೆ ಬರುತ್ತಿದ್ದವರು ಮುಖ್ಯವಾಗಿ ಜಪಾನ್, ತೈವಾನ್, ಕೊರಿಯಾ ಮತ್ತು ಅಮೆರಿಕದವರು. ಹಲವರು ಸ್ಕೂಬಾ ಡೈವಿಂಗ್ ಬಲ್ಲವರು. ಬ್ಲೂ ಕಾರ್ನರ್ ಎಂಬಲ್ಲಿ ಹವಳದ ದಿಬ್ಬ ಕಡಿದಾದ ಗೋಡೆಯಾಗಿ ಆಳಕ್ಕೆ ಇಳಿಯುತ್ತದೆ. ಅದರ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಪ್ರವಾಹದಲ್ಲಿ ಗಾಳಿಪಟದಂತೆ ತೇಲುತ್ತ ಶಾರ್ಕ್‌ಗಳನ್ನು ನೋಡಲು ಅವರು ದುಬಾರಿ ದುಡ್ಡು ಕೊಟ್ಟು ಬರುತ್ತಿದ್ದರು. ಒಬ್ಬೊಬ್ಬರೂ ಹೆಚ್ಚು ದಿನ ಉಳಿದು, ಹೆಚ್ಚು ಖರ್ಚು ಮಾಡಿ ಹೋಗುತ್ತಿದ್ದರು. 2009ರಲ್ಲಿ ಪಲಾವ್ ತನ್ನ ಕಡಲನ್ನೆಲ್ಲ ಶಾರ್ಕ್ ಅಭಯಧಾಮವೆಂದು ಸಾರಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶವೂ ಅದೇ. ಸತ್ತ ಶಾರ್ಕ್‌ಗಿಂತ ಬದುಕಿರುವ ಶಾರ್ಕ್ ಹೆಚ್ಚು ಸಂಪಾದಿಸಿಕೊಡುತ್ತದೆ ಎಂಬ ಲೆಕ್ಕ ಅವರಿಗೆ ಸರಿಯಾಗಿ ಗೊತ್ತಿತ್ತು.

ಇತ್ತ ಚೀನಾದಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತಿತ್ತು. 2000ದ ಸುಮಾರಿಗೆ ಆ ದೇಶದಿಂದ ಹೊರಗೆ ಹೋಗುತ್ತಿದ್ದವರು ವರ್ಷಕ್ಕೆ ಒಂದು ಕೋಟಿಯ ಆಸುಪಾಸು. 2014ರಲ್ಲಿ ಆ ಸಂಖ್ಯೆ ಹತ್ತು ಕೋಟಿ ದಾಟಿತು. ಇದರಲ್ಲಿ ಹಾಂಕಾಂಗ್, ಮಕಾವ್‌ಗೆ ಹೋದವರೂ ಸೇರಿದ್ದಾರೆ, ನಿಜ. ಆದರೂ ಮಾನವ ಇತಿಹಾಸದಲ್ಲಿ ಇಷ್ಟು ಜನ ಇಷ್ಟು ಬೇಗ ಪ್ರವಾಸಿಗಳಾದದ್ದು ಬಹುಶಃ ಇನ್ನೆಲ್ಲೂ ಇಲ್ಲ. ಈ ಜನಸಾಗರಕ್ಕೆ ಸರ್ಕಾರದ ಅಂಕೆಯೂ ಇತ್ತು. ಯಾವ ದೇಶಕ್ಕೆ ಗುಂಪು ಪ್ರವಾಸ ಕರೆದೊಯ್ಯಬಹುದು ಎಂಬ ಪಟ್ಟಿಯನ್ನು ಬೀಜಿಂಗ್ ತಯಾರಿಸುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಊರನ್ನು ಏಜೆನ್ಸಿಗಳು ಅಧಿಕೃತವಾಗಿ ಮಾರುವಂತಿಲ್ಲ. ಪಲಾವ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಹಾಂಕಾಂಗ್ ಮತ್ತು ಮಕಾವ್‌ನಿಂದ ಚಾರ್ಟರ್ ವಿಮಾನಗಳು ಹಾರತೊಡಗಿದಾಗ ಯಾರೂ ತಡೆಯಲಿಲ್ಲ. ಸುಮಾರು ನಾಲ್ಕೂವರೆ ಗಂಟೆಯ ಹಾರಾಟ, ನೀಲಿ ನೀರು, ಬಿಳಿ ಮರಳು. ಪ್ಯಾಕೇಜುಗಳು ಬಿಸಿ ದೋಸೆಯಂತೆ ಖರ್ಚಾದವು.

2013ರಲ್ಲಿ ಪಲಾವ್‌ಗೆ ಬಂದ ಚೀನೀಯರು ಹತ್ತು ಸಾವಿರದ ಒಳಗೆ. ಮರುವರ್ಷ ಸುಮಾರು ನಲವತ್ತು ಸಾವಿರ. 2015ರಲ್ಲಿ ಒಟ್ಟು ಪ್ರವಾಸಿಗಳ ಸಂಖ್ಯೆ 1,60,000 ದಾಟಿತು, ಅರ್ಧಕ್ಕಿಂತ ಹೆಚ್ಚು ಮಂದಿ ಚೀನಾದವರೇ. ಎರಡು ವರ್ಷದಲ್ಲಿ ಎಂಟೊಂಬತ್ತು ಪಟ್ಟು! ಕೊರೋರ್‌ನಲ್ಲಿ ಇರುವುದು ಒಂದು ಮುಖ್ಯರಸ್ತೆ. ಅದರಲ್ಲಿ ಬಸ್ಸುಗಳು ಸಾಲುಗಟ್ಟಿದವು, ಅಂಗಡಿ ಹಲಗೆಗಳ ಮೇಲೆ ಚೀನೀ ಅಕ್ಷರ ಬಂತು.

ದುಡ್ಡು ಬಂತೇ ಎಂದರೆ, ಬಂತು. ಅದನ್ನು ಮರೆಮಾಚಿ ಬರೆಯುವುದು ಅನ್ಯಾಯ. ಹೋಟೆಲಿನ ಕೋಣೆಗಳು ತುಂಬಿದವು, ಸರ್ಕಾರದ ತೆರಿಗೆ ಹೆಚ್ಚಿತು, ದೋಣಿಗಳಿಗೆ ಬಿಡುವಿಲ್ಲದ ಕೆಲಸ ಸಿಕ್ಕಿತು. ಆದರೆ ಬಂದ ದುಡ್ಡು ಹರಿಯುವ ದಾರಿ ಬೇರೆಯೇ ಇತ್ತು. ಪ್ಯಾಕೇಜು ಮಾರುವವರು ಚೀನಾದವರು, ವಿಮಾನ ಹೊರಗಿನದು, ಹೋಟೆಲ್ ಅವರದೇ, ದೋಣಿ ಅವರದೇ, ಊಟದ ಮನೆ ಅವರದೇ, ಗೈಡ್ ಕೂಡ ಅವರವನೇ. ಪ್ರವಾಸಿ ತನ್ನ ಊರಲ್ಲೇ ಹಣ ಕಟ್ಟಿ ಬರುತ್ತಿದ್ದ. ಐದಾರು ದಿನ ಇದ್ದು ಮರಳಿದರೂ ಪಲಾವಿನವರ ಕೈಗೆ ದಾಟುತ್ತಿದ್ದ ಡಾಲರುಗಳು ಕಡಿಮೆ. ಪರದೇಶಿಗಳಿಗೆ ಅಲ್ಲಿ ನೆಲ ಕೊಳ್ಳುವ ಹಕ್ಕಿಲ್ಲ, ಆದರೆ 99 ವರ್ಷದವರೆಗೂ ಗುತ್ತಿಗೆಗೆ ಪಡೆಯಬಹುದು. ಕಡಲಂಚಿನ ಜಾಗಗಳು ಒಂದೊಂದಾಗಿ ಗುತ್ತಿಗೆಗೆ ಹೋದವು. ಸ್ಥಳೀಯರ ಹೆಸರಲ್ಲಿ ಲೈಸೆನ್ಸು, ಹಿಂದೆ ಇನ್ಯಾರದೋ ಬಂಡವಾಳ ಎನ್ನುವ ವ್ಯವಹಾರಗಳೂ ಕುದುರಿದವು. ಗುತ್ತಿಗೆ ಪತ್ರಕ್ಕೆ ಸಹಿ ಹಾಕಿದವರು, ಹೆಸರು ಬಾಡಿಗೆಗೆ ಕೊಟ್ಟವರು ಪಲಾವಿನವರೇ. ಒಂದೇ ಮನೆತನದಲ್ಲಿ ಅಣ್ಣನಿಗೆ ಲಾಭ, ತಮ್ಮನಿಗೆ ತೊಂದರೆ ಎಂಬಂತಾಯಿತು.

ತೊಂದರೆ ಮೊದಲು ಕಂಡದ್ದು ಬಾಡಿಗೆ ಮನೆಗಳಲ್ಲಿ. ಹೋಟೆಲುಗಳು ಸಾಲದಾದಾಗ ಪ್ರವಾಸ ಕಂಪನಿಗಳು ಕೊರೋರ್‌ನ ಅಪಾರ್ಟ್‌ಮೆಂಟುಗಳನ್ನು ಇಡಿಯಾಗಿ ಹಿಡಿಯತೊಡಗಿದವು. ಬಾಡಿಗೆ ಏರಿತು, ಅಲ್ಲಿ ಇದ್ದವರು ಖಾಲಿ ಮಾಡಬೇಕಾಯಿತು. ಹೋಟೆಲುಗಳಲ್ಲಿ ಹಾಸಿಗೆ ಹಾಸುವವರು, ಅಡುಗೆ ಮಾಡುವವರು ಬಹುಪಾಲು ಫಿಲಿಪ್ಪೀನ್ಸ್, ಬಾಂಗ್ಲಾದೇಶಗಳಿಂದ ಬಂದ ಕೂಲಿಗಳು. ಪ್ರವಾಸಿಗಳು ಹೆಚ್ಚಿದಷ್ಟೂ ಇವರ ಕೆಲಸ ಹೆಚ್ಚಿತು, ಇವರು ಇರಬೇಕಾದ ಮನೆಗಳಿಗೇ ಅಭಾವ ಬಂತು. ತಟ್ಟೆಗೆ ಬೀಳುವ ಮೀನಿನ ಕಥೆಯೂ ಇದೇ. ಹವಳದ ದಿಬ್ಬದ ಮೀನನ್ನು ನೋಡಲು ಬಂದವರು ರಾತ್ರಿ ಅದೇ ದಿಬ್ಬದ ಮೀನನ್ನು ಊಟಕ್ಕೆ ಕೇಳುತ್ತಿದ್ದರು. ಊರಿನ ನಾಲ್ಕು ಮನೆಗೆ ಸಾಕಾಗುವಂತೆ ಹಿಡಿಯುತ್ತಿದ್ದ ಮೀನಿಗೆ ಈಗ ಲಕ್ಷ ಬಾಯಿ.

ಜೆಲ್ಲಿಫಿಶ್ ಸರೋವರವನ್ನು ಇಲ್ಲಿ ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಪಲಾವ್‌ನ ಪ್ರತಿ ಪ್ಯಾಕೇಜಿನ ಮುಖಚಿತ್ರವೂ ಅದೇ ಆಗಿತ್ತು. ಐಲ್ ಮಲ್ಕ್ ಎಂಬ ಜನವಸತಿಯಿಲ್ಲದ ದ್ವೀಪದಲ್ಲಿ ದೋಣಿ ಇಳಿದು, ಚೂಪು ಕಲ್ಲಿನ ಕಡಿದಾದ ದಿಣ್ಣೆ ಹತ್ತಿ ಆಚೆ ಇಳಿದರೆ ಕಾಡಿನ ನಡುವೆ ಹಸಿರು ನೀರಿನ ಕೊಳ. ಸುಮಾರು ಹನ್ನೆರಡು ಸಾವಿರ ವರ್ಷದ ಹಿಂದೆ ಸಮುದ್ರದ ಮಟ್ಟ ಏರಿದಾಗ ಸುಣ್ಣಕಲ್ಲಿನ ಬಿರುಕುಗಳಿಂದ ನೀರು ನುಗ್ಗಿ ಆದದ್ದು. ಅದರೊಳಗೆ ಸಿಕ್ಕಿಕೊಂಡ ಬಂಗಾರ ಬಣ್ಣದ ಜೆಲ್ಲಿಫಿಶ್‌ಗಳು ತಮ್ಮ ಮೈಯೊಳಗೆ ಪಾಚಿಯನ್ನು ಸಾಕಿಕೊಂಡಿವೆ. ಪಾಚಿಗೆ ಬಿಸಿಲು ಬೇಕು. ಹಾಗಾಗಿ ಬೆಳಿಗ್ಗೆ ಅವು ಹಿಂಡುಗಟ್ಟಿ ಪೂರ್ವದ ಕಡೆಗೆ ಈಜುತ್ತವೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ತಿರುಗುತ್ತವೆ, ದಡದ ಮರಗಳ ನೆರಳು ಬಿದ್ದ ಕಡೆ ನಿಂತು ಹಿಂದಿರುಗುತ್ತವೆ. ಲಕ್ಷಾಂತರ ಜೀವಿಗಳು ದಿನವೂ ಸೂರ್ಯನ ಬೆನ್ನು ಹತ್ತಿ ಒಂದು ಕೊಳವನ್ನು ದಾಟುತ್ತವೆ. ಅವು ಕುಟುಕಿದರೂ ಮನುಷ್ಯನಿಗೆ ಗೊತ್ತಾಗುವುದೇ ಅಪರೂಪ. ಹದಿನೈದು ಮೀಟರ್ ಕೆಳಗೆ ಆಮ್ಲಜನಕವೇ ಇಲ್ಲದ ವಿಷದ ನೀರಿದೆ. ಅದನ್ನು ಕಲಕಬಾರದು ಎಂದೇ ಸ್ಕೂಬಾಕ್ಕೆ ಅಲ್ಲಿ ಅನುಮತಿ ಇಲ್ಲ, ಮೇಲ್ಮೈಯಲ್ಲಿ ಮೆಲ್ಲಗೆ ತೇಲಬೇಕು.

ಮೈಗೆ ಬಿಸಿಲಿನ ಕ್ರೀಮು ಬಳಿದುಕೊಂಡ ಜನ ಗುಂಪು ಗುಂಪಾಗಿ ಇಂಥ ಕೊಳಕ್ಕೆ ಇಳಿದರು. ಈಜು ಬರದವರು ಲೈಫ್ ಜಾಕೆಟ್ ತೊಟ್ಟು ಬಂದರು. ರಾಕ್ ಐಲ್ಯಾಂಡ್ಸಿನ ಆಳವಿಲ್ಲದ ಜಾಗಗಳಲ್ಲಿ ಕಾಲಿಗೆ ಆಸರೆ ಹುಡುಕಿದವರಿಗೆ ಸಿಕ್ಕಿದ್ದು ಹವಳ. ಒಂದು ಹವಳದ ಕೊಂಬೆ ಬೆರಳುದ್ದ ಬೆಳೆಯಲು ವರ್ಷಗಳು ಬೇಕು, ಮುರಿಯಲು ಒಂದು ಹೆಜ್ಜೆ ಸಾಕು. ಚಿಪ್ಪು ಆರಿಸಿಕೊಂಡು ಹೋಗುವುದು, ಮೀನಿಗೆ ತಿಂಡಿ ಎಸೆಯುವುದು, ಆಮೆಯನ್ನು ಅಟ್ಟಿಸಿಕೊಂಡು ಹೋಗುವುದು, ಇವೆಲ್ಲದರ ಬಗ್ಗೆ ಊರವರ ದೂರುಗಳು ಬೆಳೆದವು.

ಚೀನೀಯರಿಗೆ ನಡತೆಯಿಲ್ಲ ಎಂದು ಆ ದಿನಗಳಲ್ಲಿ ಜಗತ್ತಿನ ಅನೇಕ ಊರುಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಬಂದವರಲ್ಲಿ ಬಹಳಷ್ಟು ಮಂದಿ ಜೀವನದಲ್ಲಿ ಮೊದಲ ಬಾರಿಗೆ ದೇಶ ಬಿಟ್ಟವರು, ಹಲವರು ಸಮುದ್ರಕ್ಕೆ ಇಳಿದದ್ದೇ ಮೊದಲ ಸಲ. ಅವರಪ್ಪಂದಿರ ಕಾಲದಲ್ಲಿ ಪಾಸ್‌ಪೋರ್ಟ್ ಎಂಬುದು ಕನಸು. ಅವರಿಗೆ ಹವಳ ಜೀವಿ ಎಂದು ತಿಳಿಸಬೇಕಾಗಿದ್ದ ಗೈಡ್‌ಗೂ ಅದು ಗೊತ್ತಿರಲಿಲ್ಲ, ಗೊತ್ತಿದ್ದರೂ ಮುಂದಿನ ಜಾಗಕ್ಕೆ ಹೊತ್ತಾಗುತ್ತಿತ್ತು. ಅಗ್ಗದ ದರದಲ್ಲಿ ಹೆಚ್ಚು ಜನರನ್ನು ತುಂಬಿ, ಕಡಿಮೆ ದಿನದಲ್ಲಿ ಎಲ್ಲವನ್ನೂ ತೋರಿಸಿ ಸಾಗಿಸುವ ಏರ್ಪಾಡಿನಲ್ಲಿ ಯಾವ ದೇಶದವನಾದರೂ ಹವಳದ ಮೇಲೆ ನಿಲ್ಲುತ್ತಾನೆ.

2016ರ ಬರದ ಕಥೆಯನ್ನೂ ಇಲ್ಲಿ ನೇರವಾಗಿ ಹೇಳಬೇಕು. ಎಲ್ ನಿನೊ ಕಾರಣದಿಂದ ಆ ವರ್ಷ ಮಳೆ ಕೈಕೊಟ್ಟಿತು. ಮಾರ್ಚ್ ತಿಂಗಳಲ್ಲಿ ಪಲಾವ್ ತುರ್ತುಸ್ಥಿತಿ ಸಾರಿತು, ಕೊರೋರ್‌ನಲ್ಲಿ ನಲ್ಲಿ ನೀರನ್ನು ಹೊತ್ತು ನೋಡಿ ಬಿಡಬೇಕಾಯಿತು. ಮಳೆನೀರು ಸೇರದೆ ಜೆಲ್ಲಿಫಿಶ್ ಸರೋವರದ ಉಪ್ಪಿನಂಶ ಏರಿತು, ನೀರು ಬಿಸಿಯಾಯಿತು, ಲಕ್ಷಾಂತರ ಇದ್ದ ಜೆಲ್ಲಿಫಿಶ್‌ಗಳು ಕಣ್ಣಿಗೆ ಬೀಳದಷ್ಟು ಕಡಿಮೆಯಾದವು. ಪ್ರವಾಸಿಗಳೇ ಅವನ್ನು ಕೊಂದರು ಎಂಬ ಮಾತು ಹರಡಿತು. ಅದು ನಿಜವಲ್ಲ, 1998ರ ಎಲ್ ನಿನೊದಲ್ಲೂ ಹೀಗೇ ಆಗಿ ಮತ್ತೆ ಚೇತರಿಸಿತ್ತು. ಆದರೆ ಸಂಶೋಧಕರು ಸರೋವರದ ನೀರನ್ನೂ ಕೆಸರನ್ನೂ ಜೆಲ್ಲಿಫಿಶ್‌ನ ಮೈಯನ್ನೂ ಪರೀಕ್ಷಿಸಿದಾಗ ಬಿಸಿಲಿನ ಕ್ರೀಮಿನ ರಾಸಾಯನಿಕಗಳು ಸಿಕ್ಕವು. ಅದೇ ಮುಂದೆ ಕಾಯಿದೆಗೆ ದಾರಿಯಾಯಿತು. ಹವಳಕ್ಕೆ ಹಾನಿ ಮಾಡುವ ಕ್ರೀಮುಗಳನ್ನು ನಿಷೇಧಿಸಿ 2018ರಲ್ಲಿ ಪಲಾವ್ ಕಾನೂನು ತಂದಿತು, 2020ರ ಜನವರಿ 1ರಿಂದ ಅದು ಜಾರಿಗೆ ಬಂತು. ಜೆಲ್ಲಿಫಿಶ್‌ಗಳು 2018ರ ಕೊನೆಯ ಹೊತ್ತಿಗೆ ಮರಳಿದ್ದವು.

ಈಗ 2015ರ ಮಾರ್ಚ್‌ಗೆ ಹಿಂದಿರುಗೋಣ. ಚೀನೀ ಹೊಸವರ್ಷದ ನೂಕುನುಗ್ಗಲು ಆಗಷ್ಟೇ ಮುಗಿದಿತ್ತು. ಅಧ್ಯಕ್ಷ ಟಾಮಿ ರೆಮೆಂಗೆಸಾವ್ ಚೀನಾದಿಂದ ಬರುವ ಚಾರ್ಟರ್ ವಿಮಾನಗಳನ್ನು ಅರ್ಧಕ್ಕಿಳಿಸುವುದಾಗಿ ಪ್ರಕಟಿಸಿದರು. ತುಂಬಿ ಹರಿಯುವ ಆದಾಯವನ್ನು ಸ್ವಂತ ಕೈಯಿಂದ ತಡೆಯುವ ಸರ್ಕಾರಗಳು ಎಷ್ಟಿವೆ? ರೆಮೆಂಗೆಸಾವ್ ಅವರನ್ನು ಬಲ್ಲವರಿಗೆ ಅದು ಅಚ್ಚರಿಯಲ್ಲ. 2001ರಿಂದ 2009ರವರೆಗೂ ಅಧ್ಯಕ್ಷರಾಗಿದ್ದು 2013ರಲ್ಲಿ ಮತ್ತೆ ಅಧಿಕಾರಕ್ಕೆ ಬಂದಿದ್ದರು. 2014ರಲ್ಲಿ ವಿಶ್ವಸಂಸ್ಥೆ ಅವರಿಗೆ ಪರಿಸರದ ಅತ್ಯುನ್ನತ ಪ್ರಶಸ್ತಿ ಕೊಟ್ಟಿತ್ತು. ಹೆಚ್ಚು ಜನ ಬೇಡ, ಹೆಚ್ಚು ದಿನ ಉಳಿದು ಹೆಚ್ಚು ಖರ್ಚು ಮಾಡುವ ಕೆಲವರು ಸಾಕು ಎನ್ನುವುದು ಅವರ ನೀತಿ. ಊರಿನ ವ್ಯಾಪಾರಿಗಳೆಲ್ಲ ಇದಕ್ಕೆ ಚಪ್ಪಾಳೆ ತಟ್ಟಲಿಲ್ಲ. ಸಾಲ ಮಾಡಿ ಕೋಣೆ ಕಟ್ಟಿಸಿದವನಿಗೆ ಕೋಣೆ ತುಂಬಬೇಕು, ಅವನ ಸಂಕಟವೂ ಸುಳ್ಳಲ್ಲ.

ಈ ನೀತಿಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಪಲಾವ್‌ನಲ್ಲಿ ‘ಬುಲ್’ ಎಂಬ ಕಟ್ಟಳೆಯಿದೆ. ಒಂದು ಹವಳದ ದಿಬ್ಬದಲ್ಲಿ ಮೀನು ಕಡಿಮೆಯಾಯಿತು ಎಂದು ಕಂಡರೆ, ಅಥವಾ ಅವು ಮೊಟ್ಟೆಯಿಡುವ ಕಾಲ ಬಂದರೆ ಊರ ಮುಖ್ಯಸ್ಥರು ಅಲ್ಲಿ ಬಲೆ ಬೀಸಬಾರದು ಎಂದು ಕಟ್ಟು ಹಾಕುತ್ತಾರೆ. ಅದು ಎಲ್ಲರಿಗೂ ಅನ್ವಯಿಸುತ್ತದೆ, ಮುಖ್ಯಸ್ಥನ ಮಗನಿಗೂ. ಆ ಮುಖ್ಯಸ್ಥರನ್ನು ಆರಿಸುವವರು ಮನೆತನದ ಹಿರಿಯ ಹೆಂಗಸರು. ಅಲ್ಲಿ ಕುಲ ನಡೆಯುವುದು ತಾಯಿಯ ಕಡೆಯಿಂದ, ಕೆಸುವಿನ ಗದ್ದೆಗಳ ಯಜಮಾನಿಕೆಯೂ ಹೆಂಗಸರದೇ. 2015ರ ಅಕ್ಟೋಬರಿನಲ್ಲಿ ಸರ್ಕಾರ ತನ್ನ ಕಡಲಿನ ಶೇಕಡಾ 80 ಭಾಗದಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸುವ ಕಾಯಿದೆಗೆ ಸಹಿ ಹಾಕಿದಾಗ, ಅದನ್ನು ಇದೇ ಹಳೆಯ ಕಟ್ಟಳೆಯ ಹೆಸರಿನಲ್ಲಿ ಜನರ ಮುಂದಿಟ್ಟಿತು. ಉಳಿದ ಶೇಕಡಾ 20ರಲ್ಲಿ ಹಿಡಿದ ಮೀನು ಊರಿನ ಮಾರುಕಟ್ಟೆಗೆ. ಪ್ರವಾಸಿಗಳ ತಟ್ಟೆಗೆ ದಿಬ್ಬದ ಮೀನಿನ ಬದಲು ಆಳಸಮುದ್ರದ ಟ್ಯೂನಾ ಬೀಳಲಿ ಎಂಬುದು ಅದರ ಲೆಕ್ಕಾಚಾರಗಳಲ್ಲಿ ಒಂದು.

2017ರ ಡಿಸೆಂಬರಿನಲ್ಲಿ ಬಂದದ್ದು ಪಾಸ್‌ಪೋರ್ಟಿನ ಮುದ್ರೆ. ಪಲಾವ್‌ನ ಮಕ್ಕಳ ನೆರವಿನಿಂದ ಬರೆಸಿದ ಒಂದು ಪ್ರತಿಜ್ಞೆಯನ್ನು ವಲಸೆ ಅಧಿಕಾರಿ ಬಂದವರ ಪಾಸ್‌ಪೋರ್ಟಿನ ಪುಟದ ತುಂಬ ಒತ್ತುತ್ತಾನೆ. ಅದರ ಕೆಳಗೆ ಸಹಿ ಹಾಕಿದ ಮೇಲೆಯೇ ಪ್ರವೇಶ. ಆ ಮಾತುಗಳು ಸರ್ಕಾರವನ್ನು ಉದ್ದೇಶಿಸಿದ್ದಲ್ಲ, ಪಲಾವ್‌ನ ಮಕ್ಕಳಿಗೆ ಪ್ರವಾಸಿ ಕೊಡುವ ಭಾಷೆ: ನಿಮ್ಮ ದ್ವೀಪವನ್ನು ಹಾಳುಗೆಡವುವುದಿಲ್ಲ, ಮೆಲ್ಲಗೆ ನಡೆಯುತ್ತೇನೆ, ನನ್ನದಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಅರ್ಥದ್ದು. ಜಪಾನೀ, ಕೊರಿಯನ್, ಚೀನೀ ಭಾಷೆಗಳಲ್ಲೂ ಅದು ಸಿದ್ಧವಾಯಿತು. ವಿಮಾನ ಇಳಿಯುವ ಮೊದಲು ಒಂದು ಚಿಕ್ಕ ಚಿತ್ರ ತೋರಿಸುತ್ತಿದ್ದರು. ಅದರಲ್ಲಿ ಒಬ್ಬ ದೈತ್ಯ ತಿಳಿಯದೆ ದ್ವೀಪವನ್ನು ತುಳಿಯುತ್ತಾನೆ, ಮಕ್ಕಳು ಅವನಿಗೆ ನಡೆಯುವುದನ್ನು ಕಲಿಸುತ್ತಾರೆ. ಪರಿಸರ ಕಾಪಾಡಲೆಂದು ವಲಸೆ ನಿಯಮವನ್ನೇ ತಿದ್ದಿಕೊಂಡ ಮೊದಲ ದೇಶ ಎಂದು ಪಲಾವ್ ಹೆಸರಾಯಿತು. 2018ರ ಜನವರಿಯಿಂದ ಪ್ರತಿ ಪ್ರವಾಸಿಯ ಟಿಕೆಟಿನಲ್ಲೇ 100 ಡಾಲರಿನ ಪರಿಸರ ಶುಲ್ಕವೂ ಸೇರಿಕೊಂಡಿತು.

ಆದರೆ ಈ ಪಾಠವನ್ನು ಯಾರಿಗೆಂದು ಬರೆದರೋ ಅವರಿಗೆ ಬಾಗಿಲು ಒಂದು ತಿಂಗಳ ಹಿಂದೆಯೇ ಮುಚ್ಚತೊಡಗಿತ್ತು, ಅದೂ ಬೀಜಿಂಗ್ ಕಡೆಯಿಂದ.

ತೈವಾನಿನಲ್ಲಿ 2016ರಲ್ಲಿ ತ್ಸಾಯ್ ಇಂಗ್‌ವೆನ್ ಅಧ್ಯಕ್ಷರಾದ ಮೇಲೆ ಬೀಜಿಂಗ್ ಅದರ ಮಿತ್ರದೇಶಗಳನ್ನು ಒಂದೊಂದಾಗಿ ಸೆಳೆಯುತ್ತಿತ್ತು. ಪ್ರವಾಸಿಗಳನ್ನು ಒತ್ತಡದ ಅಸ್ತ್ರವಾಗಿ ಬಳಸುವುದು ಹೇಗೆಂದು 2017ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾ ಕಂಡಿತ್ತು. ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆಗೆ ಜಾಗ ಕೊಟ್ಟಿತೆಂದು ಚೀನಾ ಅಲ್ಲಿಗೆ ಗುಂಪು ಪ್ರವಾಸ ನಿಲ್ಲಿಸಿತು. ಜೇಜು ದ್ವೀಪದ ಬಂದರಿಗೆ ಬಂದ ಹಡಗಿನಿಂದ 3,400 ಚೀನೀ ಪ್ರವಾಸಿಗಳು ಕೆಳಗಿಳಿಯಲೇ ಇಲ್ಲ. ಅವರಿಗಾಗಿ ಕಾದಿದ್ದ ಬಸ್ಸುಗಳು ಖಾಲಿ ಹೋದವು. ಕೊರಿಯಾಕ್ಕೆ ಬರುವ ಚೀನೀಯರು ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿದರು. ಆದರೆ ಕೊರಿಯಾಕ್ಕೆ ಕಾರು, ಚಿಪ್, ಹಡಗು ಮಾರುವ ಕಾರ್ಖಾನೆಗಳಿವೆ. ಪಲಾವ್‌ನ ಆದಾಯದಲ್ಲಿ ಐದರಲ್ಲಿ ಎರಡು ಪಾಲು ಪ್ರವಾಸೋದ್ಯಮದ್ದು.

ನಾವು ಭಾರತೀಯರು ಈ ಆಟವನ್ನು ದೂರದಿಂದ ನೋಡಿದವರಷ್ಟೇ ಅಲ್ಲ. 2024ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಕೆಲವು ಉಪಸಚಿವರು ನಮ್ಮ ಪ್ರಧಾನಿಯ ಬಗ್ಗೆ ಹಗುರವಾಗಿ ಮಾತಾಡಿದಾಗ ಮಂದಿ ಟಿಕೆಟ್ ರದ್ದು ಮಾಡಿ, ಲಕ್ಷದ್ವೀಪಕ್ಕೆ ಹೋಗೋಣ ಎಂದು ಕರೆ ಕೊಟ್ಟರು. ಹಿಂದಿನ ವರ್ಷ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗಳು ಆ ವರ್ಷ ಸುಮಾರು ಒಂದು ಲಕ್ಷ ಮೂವತ್ತು ಸಾವಿರಕ್ಕೆ ಇಳಿದರು. ಮೊದಲ ಸ್ಥಾನಕ್ಕೆ ಚೀನಾ ಬಂತು. ಅಲ್ಲಿ ಹೊರಟಿದ್ದು ಜನರ ಕರೆ, ಪಲಾವ್‌ನಲ್ಲಿ ಸರ್ಕಾರದ ಆಜ್ಞೆ. ಈ ವ್ಯತ್ಯಾಸ ದೊಡ್ಡದು. ಆದರೆ ಖಾಲಿ ಕೋಣೆಯ ಮುಂದೆ ನಿಂತ ಕೆಲಸಗಾರನಿಗೆ ಅದು ಕಾಣುವುದಿಲ್ಲ.

2018ರಲ್ಲಿ ಪಲಾವ್‌ಗೆ ಏಟು ಒಂದೇ ಕಡೆಯಿಂದ ಬೀಳಲಿಲ್ಲ. ಟೋಕಿಯೊದಿಂದ ಬರುತ್ತಿದ್ದ ಡೆಲ್ಟಾ ವಿಮಾನ ಮೇ ತಿಂಗಳಲ್ಲಿ ನಿಂತಿತು. ಹಾಂಕಾಂಗ್‌ನಿಂದ ಬರುತ್ತಿದ್ದ ಪಲಾವ್ ಪೆಸಿಫಿಕ್ ಏರ್‌ವೇಸ್ ಆಗಸ್ಟ್ ಕೊನೆಯಿಂದ ಹಾರಾಟ ನಿಲ್ಲಿಸುವುದಾಗಿ ಹೇಳಿತು. ಅದು ತೈವಾನ್ ಮೂಲದ ಬಂಡವಾಳದ ಕಂಪನಿ, ಕೂರಿಸಿಕೊಂಡು ಬರುತ್ತಿದ್ದದ್ದು ಚೀನೀ ಪ್ರವಾಸಿಗಳನ್ನು. ಆ ಹೊತ್ತಿನಲ್ಲಿ ಕೊರೋರ್‌ಗೆ ಹೋದ ವರದಿಗಾರರು ಕಂಡದ್ದು ಬಾಗಿಲು ಜಡಿದ ಟ್ರಾವೆಲ್ ಏಜೆನ್ಸಿಗಳು, ಕಟ್ಟೆಗೆ ಕಟ್ಟಿ ಹಾಕಿದ ದೋಣಿಗಳು, ಖಾಲಿ ಹೋಟೆಲುಗಳು, ಅರ್ಧ ಎದ್ದು ನಿಂತ ಹೊಸ ಕಟ್ಟಡಗಳು. 2015ರಲ್ಲಿ 1,60,000 ದಾಟಿದ್ದ ಪ್ರವಾಸಿಗಳು 2019ರಲ್ಲಿ ಒಂದು ಲಕ್ಷದ ಒಳಗಿದ್ದರು.

ನಿಷೇಧದಿಂದ ಹವಳಕ್ಕೆ ಬಿಡುವು ಸಿಕ್ಕಿತಲ್ಲ, ರೆಮೆಂಗೆಸಾವ್ ಬಯಸಿದ್ದೂ ಇದೇ ಅಲ್ಲವೇ ಎಂದು ಕೇಳಬಹುದು. ನನ್ನ ಮಟ್ಟಿಗೆ ಇವೆರಡೂ ಒಂದೇ ಅಲ್ಲ. ಊರ ಮುಖ್ಯಸ್ಥರು ಕಟ್ಟು ಹಾಕಿದರೆ ಎಷ್ಟು ದಿನ, ಯಾವ ದಿಬ್ಬಕ್ಕೆ, ಯಾರ ಹೊಟ್ಟೆಗೆ ಏನು ಎಂದೆಲ್ಲ ಕೂತು ಯೋಚಿಸುತ್ತಾರೆ, ನಾಳೆ ತಪ್ಪೆನಿಸಿದರೆ ತೆಗೆಯುತ್ತಾರೆ. ಬೀಜಿಂಗ್‌ನ ಆಜ್ಞೆಗೆ ಪಲಾವ್‌ನ ಹವಳದ ಚಿಂತೆಯೂ ಇಲ್ಲ, ದೋಣಿ ನಡೆಸುವವನ ಸಾಲದ ಚಿಂತೆಯೂ ಇಲ್ಲ. ತೈವಾನನ್ನು ಬಿಡು ಎಂಬುದೊಂದೇ ಅದರ ಮಾತು. ಮೊದಲು ಎರಡೇ ವರ್ಷದಲ್ಲಿ ಹುಚ್ಚುಹೊಳೆಯಂತೆ ಬಂದ ಜನರನ್ನೂ ಪಲಾವ್ ಕರೆದಿರಲಿಲ್ಲ, ಆಮೇಲೆ ನಿಂತುಹೋದದ್ದನ್ನೂ ಪಲಾವ್ ನಿಲ್ಲಿಸಲಿಲ್ಲ. ಎರಡರ ನಡುವೆ ಅದು ತನ್ನ ಸ್ವಂತ ಬುದ್ಧಿಯಿಂದ ಮಾಡಿದ್ದು 2015ರ ಆ ಅರ್ಧ ಬಾಗಿಲು ಮಾತ್ರ. ಆ ನೀತಿಗೆ ಫಲ ಕೊಡಲು ಸಮಯವೇ ಸಿಗಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಸೊಲೊಮನ್ ದ್ವೀಪಗಳು ಮತ್ತು ಕಿರಿಬಾಟಿ ಒಂದೇ ವಾರದಲ್ಲಿ ತೈವಾನನ್ನು ಬಿಟ್ಟು ಬೀಜಿಂಗ್ ಕಡೆ ಹೋದವು. ಪಲಾವ್ ಹೋಗಲಿಲ್ಲ. 2020ರಲ್ಲಿ ಕೊರೊನಾ ಬಂದು ಎಲ್ಲರ ವಿಮಾನವೂ ನಿಂತಿತು. ಬಹುಕಾಲ ಒಂದೂ ಸೋಂಕಿಲ್ಲದೆ ಪಾರಾದ ಕೆಲವೇ ದೇಶಗಳಲ್ಲಿ ಪಲಾವ್ ಒಂದು. ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದ ಸುರಾಂಗೆಲ್ ವಿಪ್ಸ್ 2021ರ ಮಾರ್ಚಿನಲ್ಲಿ ಸ್ವತಃ ತೈಪೆಗೆ ಹೋಗಿ, ಏಪ್ರಿಲ್ 1ರಂದು ಅಲ್ಲಿನ ಪ್ರವಾಸಿಗಳನ್ನು ಜೊತೆಗೆ ಕರೆದುಕೊಂಡು ಬಂದರು. ಎರಡೂ ಕಡೆ ಸೋಂಕು ಕಡಿಮೆ, ಇಬ್ಬರೇ ಓಡಾಡಿಕೊಂಡಿರೋಣ ಎನ್ನುವ ಏರ್ಪಾಡು. ಅದು ಹೆಚ್ಚು ದಿನ ಬಾಳಲಿಲ್ಲ. ಎಷ್ಟು ಕೋಣೆಗಳಿವೆ ಹೇಳಿ, ಎಲ್ಲವನ್ನೂ ತುಂಬಿಸುತ್ತೇವೆ, ಸಾಲದಿದ್ದರೆ ಇನ್ನಷ್ಟು ಕಟ್ಟುತ್ತೇವೆ ಎಂಬರ್ಥದ ಆಮಿಷ ಚೀನಾದಿಂದ ಬಂದಿತ್ತೆಂದು ವಿಪ್ಸ್ ಆಮೇಲೆ ಹಲವು ಸಲ ಹೇಳಿದ್ದಾರೆ.

ಕೊರೊನಾ ಇಳಿದ ಮೇಲೆ ಮಕಾವ್ ಕಡೆಯಿಂದ ಚೀನೀ ಪ್ರವಾಸಿಗಳು ಮತ್ತೆ ಬರತೊಡಗಿದರು. 2024ರ ಮಾರ್ಚಿನಲ್ಲಿ ಅಮೆರಿಕ ತನ್ನ ಒಪ್ಪಂದವನ್ನು ನವೀಕರಿಸಿ ಇಪ್ಪತ್ತು ವರ್ಷಕ್ಕೆ 88.9 ಕೋಟಿ ಡಾಲರ್ ನೆರವು ಒಪ್ಪಿತು. ಜೂನ್ ತಿಂಗಳಲ್ಲಿ ಚೀನಾ ತನ್ನ ಜನರಿಗೆ ಪಲಾವ್‌ನಲ್ಲಿ ಸುರಕ್ಷತೆ ಸಾಲದು, ಎಚ್ಚರಿಕೆಯಿಂದಿರಿ ಎಂಬ ಸೂಚನೆ ಹೊರಡಿಸಿತು. ವಿಪ್ಸ್ ಇದನ್ನು ಒತ್ತಡದ ಹೊಸ ಸುತ್ತು ಎಂದೇ ಓದಿದರು.

ಆ ವರ್ಷದ ನವೆಂಬರಿನಲ್ಲಿ ಪಲಾವ್‌ನಲ್ಲಿ ಮತ್ತೆ ಚುನಾವಣೆ ನಡೆಯಿತು. ಎದುರುಬದುರು ನಿಂತವರು ವಿಪ್ಸ್ ಮತ್ತು ರೆಮೆಂಗೆಸಾವ್. ರೆಮೆಂಗೆಸಾವ್ ಅವರ ತಂಗಿಯೇ ವಿಪ್ಸ್ ಅವರ ಪತ್ನಿ. ಭಾವ ಮೈದುನರು ಹೊಸ ತೆರಿಗೆಯ ಮೇಲೆ, ಬೆಲೆಯೇರಿಕೆಯ ಮೇಲೆ, ಅಮೆರಿಕದ ಸೇನೆಗೆ ಎಷ್ಟು ಜಾಗ ಕೊಡಬೇಕು ಎನ್ನುವುದರ ಮೇಲೆ ವಾದ ಮಾಡಿದರು. ಮತ ಹಾಕುವವರಲ್ಲಿ ಹೋಟೆಲ್ ಮುಚ್ಚಿದವರಿದ್ದರು, ದೋಣಿ ಮಾರಿದವರಿದ್ದರು. ಪ್ರವಾಸಿಗಳನ್ನು ವಾಪಸ್ ಕರೆಸಲು ತೈವಾನನ್ನು ಬಿಟ್ಟುಬಿಡೋಣ ಎಂದು ಇಬ್ಬರೂ ಅವರ ಮುಂದೆ ಮತ ಕೇಳಲಿಲ್ಲ. ವಿಪ್ಸ್ ಗೆದ್ದರು, ತೈಪೆಯ ರಾಯಭಾರ ಕಚೇರಿ ಕೊರೋರ್‌ನಲ್ಲೇ ಉಳಿಯಿತು.